ಇಂಟೆಲ್

ಅಪ್ಪನ ನೌಕರಿ ಹೆಸರು ಭಾಳ ಉದ್ದ.
ಸಾಲ್ಯಾಗ ಮಾಸ್ತರು ಕೇಳಿದಾಗ
ನಡುವ ಎಲ್ಲೋ ನಾಲಿಗಿ ತೊಡರಿ
'ಇಂಟೆಲ್' ಅಂತ ಅಷ್ಟ ಹೇಳಿ ಕೂತೆ.
ಅವತ್ತಿನಿಂದ ಬನಹಟ್ಟಿ ಓಣ್ಯಾಗ
ನಾ ಇಂಟೆಲ್ಲನ ಮಗಳು.

ಹಂಗಂದ್ರ ಏನವ್ವಾ?
'ಶಾಣ್ಯಾತನ' ಅಂದ್ಲು ಅವ್ವ, ಕಂಡಿಕಿ ಸುತ್ತಕೋತ.
ಒಂದೀಟು ತಡದು,
'ಅರ್ಧಾ' ಅಂದ್ಲು.

ಅಪ್ಪನ ಲೆಕ್ಕದಾಗ ಇಂಟೆಲ್ ಅಂದ್ರ ಖಬರ,
ಆಗೂದಕ್ಕಿಂತ ಮೊದಲ ಸಿಗೂದು.
ಆದಮ್ಯಾಲೆ ಸಿಕ್ಕರ ಅದು ಬರೇ ಪೇಪರು.

ಸಾದಾ ಅಂಗಿ ಹಾಕ್ಕೊಂಡು,
ಪೊಲೀಸ್ ಬೂಟು ಮಾತ್ರ ಬಿಡದ,
ಸ್ಟ್ಯಾಂಡಿನ ಚಾದಂಗಡ್ಯಾಗ ಕುಂದರತಿದ್ದ.
'ಇಂಟೆಲ್ ಸಾಹೇಬ್ರು ಬಂದ್ರು, ಮಾತು ಬದಲ ಮಾಡ್ರಿ'
ಅಂತ ಮಂದಿ ಅವನ ಎದರಿಗೇ ಅಂದು
ಅವನಿಗೂ ಒಂದ್ ಕಪ್ ಹೇಳತಿದ್ರು.
ರಾತ್ರಿ ವರದಿ: ಪರಿಸ್ಥಿತಿ ಶಾಂತ.

ಓಣ್ಯಾಗ ಆ ಶಬ್ದ ಸಡ್ಲ ಆತು.
ಎಮ್ಮಿ ತಪ್ಪಿಸಿಕೊಂಡ್ರ, 'ಏನರ ಇಂಟೆಲ್ ಐತೇನು?'
ನಳಕ್ಕ ನೀರು ಎಷ್ಟೊತ್ತಿಗೆ, ಅದೂ ಇಂಟೆಲ್.
ದುಂಡವ್ವನ ಮಗಳನ್ನ ನೋಡಾಕ ಬಂದವರು
ಯಾಕ ಒಲ್ಲೆ ಅಂದ್ರು, ಅದಂತೂ ಖಾಸ್ ಇಂಟೆಲ್.
ಗಣಿತದಾಗ ನನಗ ಹನ್ನೊಂದು ಬಿದ್ದಾಗ
'ಇಂಟೆಲ್ ಮಗಳಿಗೆ ಇಂಟೆಲ್ ಇಲ್ಲ.'

ಅವ್ವಗ ಬುದ್ನಿಯವರ ಶೆಡ್ಡಿನ್ಯಾಗ ಆರು ಮಗ್ಗ.
ಆ ಖಟಾಖಟಿ ಒಳಗ ಬಾಯಿಮಾತು ಕೇಳೂದಿಲ್ಲ,
ಅಲ್ಲಿ ಮಂದಿ ತುಟಿ ಓದತಾರ.
ಹದಿನೆಂಟು ವರ್ಷ ಓದಿದಾಕಿ
ಬಜಾರದ ಈ ದಂಡಿಗೆ ನಿಂತು ಹೇಳತಿದ್ಲು
ಆ ದಂಡಿ ಬಳೆಗಾರ ಎಷ್ಟು ಸುಳ್ಳು ಹೇಳಿದ ಅಂತ.
ಅದಕ್ಕ ಆಕಿಗೆ ಯಾರೂ ಪಗಾರ ಕೊಡಲಿಲ್ಲ.

ರೊಟ್ಟಿ ಬಡಿಯುವಾಗ ಅಪ್ಪ ಮೆತ್ತಗ, 'ಏನ್ ಖಬರ?'
ಅವ್ವ ಒಂದಿಷ್ಟು ಹೇಳತಿದ್ಲು,
ಒಂದಿಷ್ಟು ಹಂಚಿನ ಮ್ಯಾಲೆ ಸುಡಾಕ ಬಿಡತಿದ್ಲು.

ಆ ಸೋಮವಾರ ಊರು ಒಮ್ಮೆಲೆ ಬಿಕೋ ಅಂತು.
ಮೀಟರಿಗೆ ಎಂಟಾಣೆ ಹೆಚ್ಚು ಕೇಳಿ
ಮಂದಿ ಶೆಡ್ಡಿನ ಹೊರಗ ಕುಂತಿದ್ರು.
ಗುಬ್ಬಿ ಕೂಗೂದು ಕೇಳಿ ನನಗ ಅಂಜಿಕಿ ಬಂತು.
ಬಾಗಲಕೋಟಿಯಿಂದ ಫೋನು. ಅಪ್ಪ ನಿಂತ ಕೇಳಿದ:
ಹೌದು ಸರ್. ಇಲ್ಲ ಸರ್. ಇಂಟೆಲ್ ಇರಲಿಲ್ಲ ಸರ್.

ಫೋನಿಟ್ಟು ತಿರುಗಿ, 'ನಿನಗ ಖಬರ ಇತ್ತಲ್ಲ?'
ಅವ್ವ ಅವನ ಕಡೆ ನೋಡಿ ಬರೇ ತುಟಿ ಆಡಿಸಿದ್ಲು,
ಶೆಡ್ಡಿನ್ಯಾಗ ಮಾತಾಡಿದಂಗ.
ಅಪ್ಪಗ ಆ ಓದು ಬರೂದಿಲ್ಲ.
ನನ್ನ ಕೇಳಿದ, 'ಏನಂದ್ಲ?'

ನನಗ ಬರತಿತ್ತು.
'ಚಾ ಆರತೈತಿ ಅಂದ್ಲು' ಅಂದೆ.