ಮೂರು ಗುಲಗಂಜಿ ಹೆಚ್ಚು

ಜರ್ಮನ್ ಬೆಳ್ಳಿ ಬಂದ್ರೆ ಹೇಳಿ ಶೇಟ್ರೆ, ಅಂದಾಗ
ಮೊದಲ ಸಲ ನಾನು ತೆಗೆದು ತೋರಿಸಿದ್ದು
ಅರಿಶಿನ ಕುಂಕುಮಕ್ಕೆ ಹಂಚುವ ಬಟ್ಟಲು,
ಡಜನ್ ಲೆಕ್ಕದ್ದು, ಬೆಳ್ಳಿಯ ಗಾಳಿಯೂ ಸೋಕದ್ದು.
ಪಂಕಜಾಕ್ಷಿ ಮೇಡಂ ನಗಲಿಲ್ಲ.
ತೂಕ ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ,
ಗಾಂಧಿ ಬಜಾರಿನ ಅರ್ಧ ತಕ್ಕಡಿಗಳಿಗೆ ದಂಡ ಬರೆದ ಕೈ;
ನನ್ನಪ್ಪನ ತಕ್ಕಡಿಗೂ, ಎರಡು ಸಲ.

ಅವರಿಗೆ ಬೇಕಾದ್ದು ಥಾಲರ್.
ನೂರೈವತ್ತು ವರ್ಷ ಹಳೆಯದು,
ಒಂದು ಮುಖಕ್ಕೆ ಕೆನ್ನೆಮೀಸೆಯ ರಾಜ, ಇನ್ನೊಂದಕ್ಕೆ ಹದ್ದು.
ಮೂವತ್ತು ಸೇರಿದರೆ ಒಂದು ಪೌಂಡು ಅಪ್ಪಟ ಬೆಳ್ಳಿ
ಎಂದು ನಾಣ್ಯದ ಮೇಲೇ ಕೆತ್ತಿದೆಯಂತೆ.
"ಯಾವ ಅಂಗಡಿಯವನು ಹೀಗೆ ಬರೆದುಕೊಡ್ತಾನೆ?"
ಅಂತಾರೆ, ನನ್ನನ್ನೇ ನೋಡುತ್ತ.

ಕರಗಿಸಲು ಬಂದ ಹಳೇ ಬೆಳ್ಳಿಯಲ್ಲಿ
ಹುಡುಕಿ ಎತ್ತಿಡುವುದು ನನ್ನ ಪಾಲಿನ ಕೆಲಸ.
ಆರು ವರ್ಷಕ್ಕೆ ನಾಲ್ಕು.
ಐದನೆಯದು ಹೋದ ಸೋಮವಾರ,
ಕುಂಸಿ ಕಡೆಯ ತಾಂಡಾದಿಂದ ಕೇಸಿಬಾಯಿ
ಬಿಚ್ಚಿದ ಗಂಟಿನಲ್ಲಿ, ಸರದ ರಾಣಿ ರೂಪಾಯಿಗಳ ನಡುವೆ
ದಪ್ಪಗೆ, ಕಪ್ಪಗೆ, ಬೇರೆ ಜಾತಿಯ ಹಾಗೆ.
ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಬೇಕಂತೆ.

ಫೋನಿಗೆ ಮೇಡಂ ಇಪ್ಪತ್ತೇ ನಿಮಿಷದಲ್ಲಿ ಹಾಜರು.
ಅಂಚಿನಲ್ಲಿ ಉಗುರಾಡಿಸಿ ಓದಿದರು:
ದೇವರು ನಮ್ಮ ಜೊತೆ.
"ಅಕ್ಷರವಾ ಅದು?" ಕೇಸಿಬಾಯಿ ಚಹಾ ಊದುತ್ತ,
"ಮಗು ಹಲ್ಲು ಮೂಡುವಾಗ ಕಚ್ಚಿದ್ದು ಅಂದ್ಕೊಂಡಿದ್ದೆ."

ಕೊಂಡಿ ಬೆಸೆದ ನಾಣ್ಯಕ್ಕೆ ಅರ್ಧ ಬೆಲೆಯೂ ಇಲ್ಲ,
ಕಿತ್ತು ಉಜ್ಜಿ ಕೊಡಲಾ, ಅಂದೆ.
ಅದೂ ರಾಜನ ಕತ್ತಿನ ಬುಡಕ್ಕೇ ಬೆಸುಗೆ,
ತಲೆಕೆಳಗಾಗಿ ತೂಗುತ್ತಾನೆ ಬಾವಲಿಯಂತೆ.
ಬೆಸೆದವನು ಕುಡಿದಿದ್ದ, ಅಂದೆ.

ಕೇಸಿಬಾಯಿ ಲೋಟ ಇಟ್ಟಳು.
ಸರ ಕೊರಳಿಗೆ ಹಾಕಿಕೊಂಡು
ಗಲ್ಲ ತಗ್ಗಿಸಿ ಎದೆ ನೋಡಿಕೊಂಡಳು:
"ನಿಮಗೆ ಅಂತ ಬೆಸೆದದ್ದಲ್ಲ ಇದು.
ಇಲ್ಲಿಂದ ನೋಡಿ. ನೆಟ್ಟಗಿದಾನೆ."

ಯಾರೂ ಮಾತಾಡಲಿಲ್ಲ. ಹೊರಗೆ ಆಟೋ ಒಂದು
ಹಿಂದೆ ಬರುತ್ತ ಹಾರ್ನ್ ಹೊಡೆಯಿತು.

ತೂಗಿದೆ. ಲೆಕ್ಕದ ಪ್ರಕಾರ ಒಂದೂವರೆ ತೊಲ,
ಮೇಲೆ ಎಂಟು ಗುಲಗಂಜಿ. ತಕ್ಕಡಿ ಹನ್ನೊಂದು ಅಂತು.
ಮೂರು ಹೆಚ್ಚು, ಬೆಸುಗೆಯದು, ಕಳೀತೀನಿ, ಅಂದೆ.
ಗುಂಜಿ ತೂಕಕ್ಕೂ ಕೇಸು ಹಾಕಿದ ಹೆಂಗಸು
ಹನ್ನೊಂದಕ್ಕೂ ದುಡ್ಡೆಣಿಸಿ ಕೇಸಿಬಾಯಿಯ ಕೈಗಿಟ್ಟರು.

ಡಬ್ಬಿಯ ಗುಳಿಗೆ ಇಳಿಸುವಾಗ ಮಾತ್ರ
ಯಾವ ಕಡೆ ಮೇಲೆ ಅಂತ
ಕೈ ಒಂದು ಗಳಿಗೆ ನಿಂತಿತು.