ಮೇಲೆ ನೋಡಿಕೊಂಡೇ

ಭಾನುವಾರ ಆರೂವರೆಗೆ ಬಿಟ್ಟೆವು, ಏಳು ಹಕ್ಕಿ.
ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲು,
ದಾದಾಪೀರನ ತಾರಸಿ.
ಹೊಗೆ ಇನ್ನೂ ಎದ್ದಿರಲಿಲ್ಲ,
ಆಕಾಶ ಆಗಷ್ಟೇ ತೊಳೆದಿಟ್ಟ ಸ್ಟೀಲು ತಟ್ಟೆ.
ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೇಲೆತ್ತಿದ ನಾಲ್ಕು ಕತ್ತು.
ಹಕ್ಕಿ ಇಳಿಯುವ ತನಕ
ಇಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಅದಕ್ಕೇ ಇರಬೇಕು, ಮಾತು ಸಲೀಸು.

"ನೀರು ಬಂದು ಒಂಬತ್ತು ದಿನ ಆಗಿತ್ತು,"
ಬಕ್ಕೇಶಿ ಒಂದು ಮೋಡಕ್ಕೆ ಹೇಳಿದ.
"ನಿನ್ನೆ ರಾತ್ರಿ ಎರಡೂವರೆಗೆ ಬಿಟ್ರು.
ಅವಳು ಪೈಪು ಹಿಡಿದ್ಲು, ನಾನು ಕೊಡ.
ಮದುವಿ ಆಗಿ ಹತ್ತೊಂಬತ್ತು ವರ್ಷ,
ಅಷ್ಟೊತ್ತಿನಾಗ ಇಬ್ರೂ ಎಚ್ಚರ ಇರಾದು
ಈಗೀಗ ನೀರಿಗೆ ಮಾತ್ರ."
"ಎಡಕ್ಕೆ ನೋಡ್ರಲೇ, ಕರಿಬಾಲ ಇಳೀತೈತಿ."
"ಇಳಿಯಲ್ಲ ಬಿಡು. ಗಾಳಿ ಹುಡುಕ್ತೈತಿ."

ಅಂಜಿನಪ್ಪನ ಮನೆಯ ಮಿಕ್ಸಿ ಕೆಟ್ಟು ಎರಡು ವಾರ.
ಒರಳು ಹೊರಗೆ ಬಂದಿದೆ,
ಒರಳಿನ ಜೊತೆ ಅವನವ್ವನೂ.
ಮೂಲೆ ಮಂಚದಲ್ಲಿ ಮಂಡಿ ನೀವಿಕೊಳ್ಳುತ್ತಿದ್ದವಳು
ಈಗ ಶೇಂಗಾ ಚಟ್ನಿ ರುಬ್ಬುತ್ತ
ಸೊಸೆಗೆ, ಮೊಮ್ಮಗನಿಗೆ, ಹಾಲಿನವನಿಗೆ ಬುದ್ಧಿ ಹೇಳುತ್ತಾಳಂತೆ.
"ರಿಪೇರಿಯವನಿಗೆ ನಾನೇ ಹೇಳೀನಿ,
ಅವಸರ ಏನಿಲ್ಲಪ್ಪ, ನಿಧಾನ ಮಾಡು ಅಂತ."

ಆಫ್ರೀನ್ ಚಹಾ ತಂದಳು.
ಮೇಲೆ ನೋಡಿಕೊಂಡೇ ಲೋಟ ಹಿಡಿಯುವುದು ಇಲ್ಲಿಯ ವಿದ್ಯೆ,
ಕಲಿಯಲು ನನಗೆ ಎರಡು ಬಿಳಿ ಅಂಗಿ ಹಿಡಿದವು.
ರಾತ್ರಿ ಕತ್ತಿಗೆ ಎಣ್ಣೆ ತಿಕ್ಕುತ್ತ ನನ್ನವಳು ಕೇಳುತ್ತಾಳೆ:
"ಮನೆಯಾಗ ತುಟಿ ಬಿಚ್ಚದೋರು
ಅಲ್ಲಿ ಅಷ್ಟೊತ್ತು ಏನು ಮಾತಾಡ್ತೀರಿ?"
"ಏನಿಲ್ಲ," ಅನ್ನುತ್ತೇನೆ. "ಹಕ್ಕಿ ವಿಷಯ."

ಒಂಬತ್ತಾಯಿತು. ಹತ್ತಾಯಿತು.
ಭಟ್ಟಿಯ ಹೊಗೆ ಎದ್ದು ವಾಲಿತು.
ದಾದಾಪೀರನ ಮಡಿಲಲ್ಲಿ ಮಗಳ ಹಳೆಯ ಗಣಿತದ ಪಟ್ಟಿ,
ಮುಂದಿನಿಂದ ಅವಳ ಭಾಗಾಕಾರ,
ಹಿಂದಿನಿಂದ ಇವನ ಗಂಟೆ ನಿಮಿಷ.
ಸಜ್ಜೆಯ ರೇಟು, ಗ್ಯಾಸಿನ ರೇಟು,
ರೈಲ್ವೆ ಗೇಟಲ್ಲಿ ನಿಂತು ತಣ್ಣಗಾದ ಬೆಣ್ಣೆ ದೋಸೆ,
ಒಂದಾದ ಮೇಲೊಂದು ಮೇಲಕ್ಕೆ ಹೋದವು.
ಹಕ್ಕಿಗಳು ಚುಕ್ಕಿಯಾಗಿದ್ದವು.

ಆಗ ಬಕ್ಕೇಶಿ, ಅದೇ ದನಿಯಲ್ಲಿ,
ಗ್ಯಾಸಿನ ಸುದ್ದಿಯ ಬಾಲಕ್ಕೇ ಜೋಡಿಸಿದವನಂತೆ:
"ನಮ್ಮನಿಯಾಕೆಗೆ ಮೂರು ತಿಂಗಳಂತೆ."

ನಾಲ್ಕು ವರ್ಷದಲ್ಲಿ ಮೊದಲ ಸಲ
ಮೂರು ಕತ್ತು ಒಟ್ಟಿಗೆ ಕೆಳಗಿಳಿದವು.
ಕಿವಿಯ ಹತ್ತಿರ ಅವನಿಗೆ ಇಷ್ಟು ನರೆ ಇತ್ತೇ?
ಗದ್ದದ ಕೆಳಗೆ ಕ್ಷೌರದ ಗಾಯ, ಹಳೆಯದು.
ಅವನೊಬ್ಬನೇ ಇನ್ನೂ ಮೇಲೆ ನೋಡುತ್ತಿದ್ದ,
ಕಣ್ಣಿಗೆ ಬಿಸಿಲು ಹೊಡೆಯುವಷ್ಟು ನೇರ.
"ದೊಡ್ಡಾಕಿ ಪಿಯುಸಿ. ಮಾತು ಬಿಟ್ಟಾಳೆ ನನ್ನ ಜೊತಿ.
ಇವಳು ಒಮ್ಮೆ ಅಳ್ತಾಳ, ಒಮ್ಮೆ ನಗ್ತಾಳ.
ನಾನು ಅಂಗಡಿಗೆ ಹೋಗಿ ಸುಮ್ಮನೆ
ಕೊಟ್ಟ ಬಟ್ಟೇನೇ ಮತ್ತೆ ಮತ್ತೆ ಅಳೀತೀನಿ."

ಏನು ಹೇಳಬೇಕೋ ಯಾರಿಗೂ ಹೊಳೆಯಲಿಲ್ಲ.
ದಾದಾಪೀರ ಪೆನ್ನಿನ ಕ್ಯಾಪು ಹಾಕಿದ, ತೆಗೆದ.
ನಾನು ಖಾಲಿ ಲೋಟ ಕುಡಿದೆ.

"ಅಬ್ಬಾ, ಆರೇ ಅದಾವ!"
ಆಫ್ರೀನ್ ಮೆಟ್ಟಿಲ ಮೇಲಿಂದ ಕೂಗಿದಳು.
ಎಣಿಸಿದೆವು. ಆರು. ಹೊಗೆಯ ಆಚೆ ಎಣಿಸಿದೆವು. ಆರು.
ಗಿಡುಗ ಬಂತೋ, ಕರಿಬಾಲ ಎಲ್ಲಿ ಇಳಿಯಿತೋ,
ಆ ಒಂದು ನಿಮಿಷ ಆಕಾಶಕ್ಕೆ ದಿಕ್ಕಿರಲಿಲ್ಲ.
ಪಟ್ಟಿಯಲ್ಲಿ ದಾದಾಪೀರ 'ಹತ್ತು ನಲವತ್ತು' ಅಂತ ಬರೆದು
ಮುಂದೆ ಏನೂ ಬರೆಯದೆ ಗೆರೆ ಎಳೆದ.

ಒಬ್ಬೊಬ್ಬರಾಗಿ ಮತ್ತೆ ಕತ್ತು ಎತ್ತಿದೆವು.
ತುಸು ಹೊತ್ತಿನ ಮೇಲೆ ಅಂಜಿನಪ್ಪ,
ಮುರಿದ ಮಿಲ್ಲಿನ ಚಿಮಣಿಯ ಕಡೆ ತಿರುಗಿ:
"ಬಾಣಂತಿ ಖಾರ ಒರಳಾಗೇ ಕುಟ್ಟಬೇಕಂತಪ್ಪ.
ಮಿಕ್ಸಿಯದು ಹತ್ತಲ್ಲ.
ನಮ್ಮವ್ವನ್ನ ಕಳಿಸ್ತೀನಿ, ಆರು ತಿಂಗಳು ಐತಲ್ಲ,
ಅಷ್ಟರಾಗ ಆಕಿ ಕೈ ಇನ್ನೂ ಕುದುರ್ತಾವ."

"ಹೂಂ," ಅಂದ ಬಕ್ಕೇಶಿ, ಬಿಸಿಲಿಗೆ.
ಕಣ್ಣು ಒರೆಸಿಕೊಂಡ. ಹೊಗೆ ಇತ್ತು, ಹೌದು.
"ಅದು ನೋಡ್ರಿ, ಆ ನೀರಿನ ಟ್ಯಾಂಕಿನ ಮ್ಯಾಲೆ,
ಕರಿಬಾಲ ಅಲ್ಲೇನು?"

ಕಾಗೆ.