ಬೈ

ಇಪ್ಪತ್ತಮೂರು ತಂಡ ಬಂದರೆ ಒಂಬತ್ತು ಬೈ.
ಮೂವತ್ತೆರಡರಲ್ಲಿ ಕಳೆಯಬೇಕು, ಅಷ್ಟೇ ಲೆಕ್ಕ.
ಬೈ ಸಿಕ್ಕವರು ಮೊದಲ ಸುತ್ತು ಆಡುವುದಿಲ್ಲ,
ನೆರಳಲ್ಲಿ ಕೂತು ಕಿತ್ತಳೆ ಸುಲಿಯುತ್ತಾರೆ
ಉಳಿದವರು ಮಂಡಿ ತರಚಿಕೊಂಡು ಅವರ ಹತ್ತಿರ ಬರುವ ತನಕ.

ಹನ್ನೊಂದು ವರ್ಷ ಈ ಗೆರೆ ಎಳೆದವಳು ನಾನು,
ಸಂಪಂಗಿರಾಮನಗರದ ಎರಡನೇ ಮಹಡಿ,
ಅಂತರಕಾಲೇಜು ಕ್ರೀಡಾ ಒಕ್ಕೂಟದ ಕೇಂದ್ರ ಕಚೇರಿ,
ದಿನಗೂಲಿ ಅನ್ನದೆ ಗೌರವಧನ ಅನ್ನುವ ಕಾಸಿಗೆ.
ಖೋಖೋ, ಕಬಡ್ಡಿ, ಬಾಲ್ ಬ್ಯಾಡ್ಮಿಂಟನ್,
ಯಾವ ಚಾರ್ಟ್ ಬಿಚ್ಚಿದರೂ ಕೆಳಗಿನ ಮೂಲೆಯಲ್ಲಿ
ಸಣ್ಣಗೆ ನನ್ನ ಅಕ್ಷರ.
ಆಂಜಿನಮ್ಮ ಮೇಡಂನ ಕೇಳಿ, ಅನ್ನುತ್ತಾರೆ ಎಲ್ಲರೂ.
ಆಂಜಿನಮ್ಮ ಮೇಡಂ ಕೂತ್ಕೊಳ್ಳಿ, ಅಂದವರಿಲ್ಲ.

ಒಳಗೆ ಆರು ಕುರ್ಚಿ.
ಐದರ ಬೆನ್ನಿಗೆ ಒಂದೇ ಮರೂನ್ ಬ್ಲೇಜರು,
ಒಂದೇ ಕಾಲೇಜು, ಒಂದೇ ಪಿಚ್ಚಿನ ಮಣ್ಣು.
ಆರನೆಯವರದು ಬೇರೆ ಕಾಲೇಜು; ನಾಲ್ಕನೆಯವರ ಷಡ್ಡಕ.
ಏಳನೇ ಕುರ್ಚಿಗೆ ಮಾರ್ಚಿನಲ್ಲಿ ಅರ್ಜಿ ಕರೆದರು.

ತಮ್ಮನ ಮದುವೆಯ ಸೀರೆ ಉಟ್ಟಿದ್ದೆ,
ಕಾಲಿಗೆ ಮಾತ್ರ ಬೂಟು, ಇಲ್ಲದಿದ್ದರೆ
ನಡಿಗೆ ನನ್ನದು ಅನ್ನಿಸುವುದಿಲ್ಲ.
"ಯಾವ ಕಾಲೇಜು?"
"ಹೊಸಕೋಟೆ ಸರ್ಕಾರಿ ಕಾಲೇಜು ಸಾರ್."
"ಓ," ಅಂದರು.
ಆ ಓ ಎಷ್ಟು ಉದ್ದ ಇತ್ತೋ,
ಸ್ಟಾಪ್‌ವಾಚ್ ಹಿಡಿದೇ ಸವೆದ ಕೈ ನನ್ನದು, ಆದರೂ ಹೇಳಲಾರೆ.

ನನ್ನ ನಂತರ ಪ್ರಣೀತ್ ಅಂತ ಒಬ್ಬ ಹುಡುಗ ಹೋದ.
ಬಾಗಿಲಾಚೆ ನಗು ಕೇಳಿಸಿತು.
ನಗು ಏನು, ಯಾರು ಬೇಕಾದರೂ ನಗಬಹುದು,
ಅದನ್ನು ಸ್ಕೋರ್‌ಶೀಟಿನ ಯಾವ ಮನೆಯಲ್ಲಿ ಬರೆಯಲಿ?

ಅಟೆಂಡರ್ ಪಾಪಯ್ಯ ಮೆಟ್ಟಿಲ ಹತ್ತಿರ ಹೇಳಿದ:
"ಬೆಳಿಗ್ಗೆ ಒಂಬತ್ತಕ್ಕೇ ಅಂದ್ರು ಮೇಡಂ,
ಇನ್ಮೇಲೆ ಟೀ ಏಳು ತಾ ಅಂತ."
ಅವತ್ತು ಆಡಿಟ್ ಇತ್ತು.
ಏಳನೇ ಲೋಟ ಆಡಿಟರದ್ದೂ ಇರಬಹುದು.
"ಇನ್ಮೇಲೆ ಅಂದ್ರಾ ಪಾಪಯ್ಯ, ಇಲ್ಲಾ ನೀನೇ ಸೇರಿಸಿದ್ಯಾ?"
ಅವನು ಕಿವಿಯ ಹಿಂದೆ ಕೆರೆದುಕೊಂಡ.

ಸೀಟಿ ಕಟ್ಟಿಕೊಂಡವಳಿಗೆ ಈ ಸಂಕಟ ಹೊಸದಲ್ಲ.
ಬೆರಳು ತಾಗಿದ್ದು ಕಂಡಂತಾಗುತ್ತದೆ,
ಅಷ್ಟರಲ್ಲಿ ಧೂಳು.
ಊದಿದರೆ ಗ್ಯಾಲರಿಯೆಲ್ಲ ಎದ್ದು ನಿಲ್ಲುತ್ತದೆ,
ಊದದಿದ್ದರೆ ಒಬ್ಬಳು ಹುಡುಗಿ
ಗೆರೆಯ ಮೇಲೆ ಕೂತು ನಿನ್ನನ್ನೇ ನೋಡುತ್ತಾಳೆ.

ನಾಲ್ಕಕ್ಕೆ ಪಟ್ಟಿ ಅಂಟಿಸಿದರು. ಒಂದೇ ಹೆಸರು.
ಒಂದೇ ಹೆಸರಿದ್ದರೂ ಪಟ್ಟಿ ಅಂತಾರೆ.
ಕಾರ್ಪೊರೇಷನ್ ಸ್ಟಾಪಿನ ತನಕ ಬೈಯುತ್ತಲೇ ನಡೆದೆ,
ಆರು ಕುರ್ಚಿಗೂ ಬೈದೆ, ಅವರ ಕೋಚಿಗೂ ಬೈದೆ.
ಹೊಸಕೋಟೆ ಬಸ್ಸು ಬರುವಷ್ಟರಲ್ಲಿ ಬೈಗುಳ ಮುಗಿದಿತ್ತು,
ಪುಕ್ಕಟೆ ಟಿಕೆಟ್ಟು ಹಿಡಿದು ನಿಂತೇ ಹೋದೆ.

ಹುಡುಗ ಕೆಟ್ಟವನಲ್ಲ.
ಸೋಮವಾರ ತಾನೇ ಕುರ್ಚಿ ಎಳೆದು
"ಕೂತ್ಕೊಳ್ಳಿ ಮೇಡಂ," ಅಂದ.
"ಫಿಕ್ಸ್ಚರ್ ಹಾಕೋದು ಹೇಳಿಕೊಡ್ತೀರಾ?
ಈ ಬೈ ಯಾರಿಗೆ ಅಂತ ಹೇಗೆ ಗೊತ್ತಾಗುತ್ತೆ?"

ಚೀಟಿ ಎತ್ತಬೇಕು, ಅಂದೆ.
ಅನ್ನುವಾಗ ಹೆಬ್ಬೆರಳಿಗೆ ನೆನಪಾಯಿತು.
ಆರು ವರ್ಷದ ಹಿಂದೆ, ಹೊಸಕೋಟೆಯ ಮೂವರು ಹುಡುಗಿಯರು
ಜ್ವರ ಬಂದು ಮಲಗಿದ್ದರು, ಒಂದು ದಿನ ಸಿಕ್ಕರೆ ಸಾಕಿತ್ತು.
ಒಂದು ಚೀಟಿಯ ಕಿವಿ ಮಡಿಸಿದ್ದೆ,
ಸ್ವಲ್ಪವೇ.
ನಮ್ಮ ಹುಡುಗಿಯರು ಅಲ್ವಾ, ಅಂದುಕೊಂಡಿದ್ದೆ.
ಬೈ ಇಲ್ಲದೆ ಆಡಿ ಸೋತದ್ದು ಯಾರು? ಆನೇಕಲ್ಲೋ, ಮಾಗಡಿಯೋ.
ಚಾರ್ಟ್ ತೆಗೆದರೆ ಸಿಕ್ಕೀತು. ತೆಗೆದಿಲ್ಲ.

ಮರೂನಿನವರೂ ಹಾಗೇ ಅಂದುಕೊಂಡಿರಬೇಕು,
ನಮ್ಮ ಹುಡುಗ ಅಲ್ವಾ.
ಹಾಗಂತ ಹನ್ನೊಂದು ವರ್ಷವನ್ನು
ಅವರ ಟೀ ಲೋಟಕ್ಕೆ ಸಕ್ಕರೆ ಅಂತ ಹಾಕಲಾರೆ.

ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿದೆ.
ಇಪ್ಪತ್ತಮೂರೂ ಚೀಟಿ ಬಿಚ್ಚಿ, ಕಿಟಕಿಗೆ ಹಿಡಿದು ನೋಡಿ,
ಮತ್ತೆ ಮಡಿಸಿದೆ, ನಾಲ್ಕು ಮಡಿಕೆ, ಉಗುರಿನಿಂದ ಗೀರಿ.
ಡಬ್ಬಿ ಅವನ ಮುಂದೆ ಹಿಡಿದೆ.
ಕಣ್ಣು ಮುಚ್ಚಿ, ಅಂದೆ.
ಅವನು ನಕ್ಕ.
ಮುಚ್ಚಿ ಸಾರ್, ಅಂದೆ.